ಅಮ್ಮನ ಉಮಾ ಅರಿಷ್ಟ

ಮೊನ್ನೆ ಮೊಮ್ಮಗಳು ಊಟದ ಮೇಜಿನ ಮೇಲೆ ಒಂದು ಬಾಟಲಿ ಇಟ್ಟು ಬಿರಡೆ ಎಳೆದಳು. ನೇರಳೆಹಣ್ಣು, ಮೆಣಸು, ಒದ್ದೆ ಎಲೆ ಎಲ್ಲ ಕಲಸಿದಂಥ ವಾಸನೆ ಮೂಗಿಗೆ ಬಡಿಯಿತು. ಕೂತಲ್ಲೇ ಬೆಚ್ಚಿಬಿದ್ದೆ.

"ಆಲ್ಪ್ಸ್ ಬೆಟ್ಟದ ರೆಡ್ ವೈನ್ ಅಜ್ಜಿ. ದ್ರಾಕ್ಷಿ ಹೆಸರು ಉಮಾಞ್."

"ಗೊತ್ತು ಕಣೇ. ನಿಮ್ಮಮ್ಮ ಹುಟ್ಟಿದಾಗ ಕುಡಿದಿದ್ದೆ."

ಈ ಸಲ ಬೆಚ್ಚಿದವಳು ಅವಳು. ವಿಭೂತಿ ಇಡದೆ ನೀರೂ ಮುಟ್ಟದ ಮುದುಕಿ ಹೀಗೆಂದರೆ ನೀವೂ ಬೆಚ್ಚುತ್ತೀರಿ. ಸ್ವಲ್ಪ ತಾಳಿ, ಹೇಳುತ್ತೇನೆ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಬಂದಿದ್ದೆ. ಅಪ್ಪನಿಗೆ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿದ್ದ ಸ್ವಿಸ್ ಎಂಜಿನಿಯರ್ ಸಾಹೇಬರು ರಜೆಗೆ ಊರಿಗೆ ಹೋಗಿ ಬಂದವರು, ನಾನು ಹೆತ್ತ ಸುದ್ದಿ ಕೇಳಿ, ತಮ್ಮ ಮನೆಯ ತೋಟದ ಬಾಟಲಿಯೊಂದನ್ನು ಅಪ್ಪನ ಕೈಗಿತ್ತರು. ಬೇಡವೆನ್ನುವ ಧೈರ್ಯ ಅಪ್ಪನಿಗಿರಲಿಲ್ಲ. ಮನೆಯಲ್ಲಿ ವೈನ್ ಎಂಬ ಮಾತೆತ್ತುವ ಧೈರ್ಯವಂತೂ ಮೊದಲೇ ಇಲ್ಲ.

"ದ್ರಾಕ್ಷೀದು ಕಣೇ, ಉಮಾಞ್ ಅಂತೆ. ಎತ್ತಿಡು," ಎಂದು ಅಮ್ಮನಿಗೆ ಕೊಟ್ಟು ಬಚ್ಚಲಿಗೆ ನಡೆದರು.

ಅಟ್ಟದ ಮೇಲೆ ಬಚ್ಚಿಡು ಎಂಬುದು ಅವರ ಅರ್ಥ. ಅಮ್ಮನಿಗೆ ಕೇಳಿಸಿದ್ದು ಉಮಾ. ಸಾಕ್ಷಾತ್ ಪಾರ್ವತಿಯ ಹೆಸರು, ಜೊತೆಗೆ ದ್ರಾಕ್ಷಿ ಬೇರೆ. ಬಾಣಂತಿಗೆಂದೇ ಬಂದ ದ್ರಾಕ್ಷಾರಿಷ್ಟವಲ್ಲದೆ ಇನ್ನೇನು? ಬಾಟಲಿಗೆ ವಿಭೂತಿ ಬಳಿದು ದೇವರ ಗೂಡಿನಲ್ಲಿಟ್ಟಳು. ಬಿರಡೆ ಮೇಲೆ ಬರಲೊಲ್ಲದೆಂದು ಲಟ್ಟಣಿಗೆಯ ತುದಿಯಿಂದ ಒಳಗೇ ತಳ್ಳಿದಳು.

ಆಮೇಲೆ ಊಟದ ಜೊತೆ ನನಗೊಂದು ಚಮಚ. ಯಾವ ವೈನಿಗೆ ಯಾವ ಊಟ ಎಂದು ಮೊಮ್ಮಗಳು ಈಗ ಪಾಠ ಮಾಡುತ್ತಾಳೆ. ಅದನ್ನು ನಾನು ಬಾಣಂತಿ ಮಂಚದಲ್ಲೇ ಕಲಿತಿದ್ದೆ. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ಅನ್ನಕ್ಕೆ, ಮೆಣಸಿನ ಸಾರಿಗೆ ಅದು ಹೇಳಿ ಮಾಡಿಸಿದಂತಿತ್ತು. ಅಂಟಿನುಂಡೆ ತಿಂದು ಕುಡಿದರೆ ಮಾತ್ರ ಕಬ್ಬಿಣದ ತುಕ್ಕು ನೆಕ್ಕಿದ ಹಾಗೆ.

ನಾಮಕರಣಕ್ಕೆ ಚಿತ್ರದುರ್ಗದಿಂದ ಬಂದ ನನ್ನತ್ತೆಗೆ ಮಂಡಿನೋವು. ಅಮ್ಮ ಅವರಿಗೂ ಹಾಕಿದಳು.

"ಬಲು ಚೆನ್ನಾಗೈತಲ್ಲ ಬೀಗ್ತಿ, ಇನ್ನೊಂದೀಟು ಹಾಕ್ರಿ," ಎಂದು ಅತ್ತೆ ಲೋಟವನ್ನೇ ಚಾಚಿದರು.

ನಾಮಕರಣದ ಊಟಕ್ಕೆ ಅಪ್ಪ ಆ ಸ್ವಿಸ್ ಸಾಹೇಬರನ್ನೂ ಕರೆದಿದ್ದರು. ಮಣೆಯ ಮೇಲೆ ಕಾಲು ಮಡಚಲಾರದೆ ಒದ್ದಾಡುತ್ತಿದ್ದ ಅವರ ಕಣ್ಣು ದೇವರ ಗೂಡಿಗೆ ಬಿತ್ತು.

"ಓ! ಮೈ ವೈನ್!"

ಅಪ್ಪನ ಕೈಯ ತುತ್ತು ಎಲೆಗೆ ಬಿತ್ತು.

"ವೈನ್ ಅಂದ್ರೇನು ಬೀಗ್ರೇ?" ಅತ್ತೆ ಕೇಳಿದರು.

ಅಪ್ಪ ತಲೆಯೆತ್ತಲಿಲ್ಲ. "ಒಂಥರಾ... ಹೆಂಡ."

ಅಮ್ಮನ ಸೌಟು ಜಾರಿ ಪಾಯಸ ನೆಲದ ಪಾಲಾಯಿತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ತೊಟ್ಟಿಲ ಕಡೆ ತಿರುಗಿದರು.

"ಅಯ್ಯೋ ಶಿವನೇ, ಹಾಲಿನಾಗೆ ಕೂಸಿಗೂ ಹೋಗೈತಲ್ಲಪ್ಪಾ!"

ಅದುವರೆಗೂ ನನಗದು ಹೊಳೆದೇ ಇರಲಿಲ್ಲ. ಮಗು ಅಳುತ್ತಿದ್ದುದು ಕಡಿಮೆ, ಮಲಗುತ್ತಿದ್ದುದು ಹೆಚ್ಚು. ಎಂಥ ಒಳ್ಳೆಯ ಮಗು ಎಂದು ಎಲ್ಲರೂ ಹೊಗಳುತ್ತಿದ್ದರು.

ಕಂಗಾಲಾದ ಸಾಹೇಬರು ಅಪ್ಪನಿಗೆ ಏನೋ ಹೇಳಿದರು. ಇದೇ ಹೆಸರಿನ ಬಿಳಿ ದ್ರಾಕ್ಷಿಯ ವೈನನ್ನು ಅವರೂರಲ್ಲಿ ಹೆತ್ತ ಹೆಂಗಸರಿಗೆ ಕೊಡುತ್ತಾರಂತೆ. ಅಪ್ಪ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದರು.

"ಹಂಗಾರೆ ಬಾಣಂತಿ ಮದ್ದೇ ಬಿಡ್ರಿ. ಯಾರೂ ಬಾಯಿ ಬಿಡಬ್ಯಾಡ್ರಿ," ಎಂದು ಅತ್ತೆ ಎದ್ದು ಸ್ನಾನಕ್ಕೆ ಹೋದರು.

ಅತ್ತೆಗೆ ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಮುಗಿಯಲಿಲ್ಲ. ಮಗು ನಡೆಯಲು ತಡಮಾಡಿದರೂ, ಸ್ಕೂಲಿನಲ್ಲಿ ಲೆಕ್ಕದಲ್ಲಿ ಫೇಲಾದರೂ ನನ್ನನ್ನು ಮೂಲೆಗೆ ಕರೆದು, "ಆ ಬಾಟ್ಲಿಯಿಂದ ಇರಬಹುದೇನೇ?" ಎಂದು ಕೇಳುವಳು. ಕೊನೆಯ ಕಾಯಿಲೆಯಲ್ಲೂ ಅದೇ ಪ್ರಶ್ನೆ. ಆ ಕಣ್ಣಿನ ಹೆದರಿಕೆಯನ್ನು ನಾನು ಇನ್ನೂ ಮರೆತಿಲ್ಲ.

ಮೊನ್ನೆ ಆ ಮಗು ಅಡುಗೆಮನೆಯಿಂದ ಬೆಳ್ಳುಳ್ಳಿ ಅನ್ನದ ಪಾತ್ರೆ ಹಿಡಿದು ಬಂತು. ತಲೆ ಪೂರ್ತಿ ನರೆತಿದೆ, ಲೆಕ್ಕದ ಟೀಚರ್ ಆಗಿ ರಿಟೈರಾಗಿದ್ದಾಳೆ. ನಾನು ಚಮಚ ತರಿಸಿ, ಬಾಟಲಿಯಿಂದ ಒಂದಿಷ್ಟು ಬಗ್ಗಿಸಿಕೊಂಡು ಬಾಯಿಗಿಟ್ಟೆ.

"ಏನೂ ಆಗ್ಲಿಲ್ಲ ಕಣಮ್ಮ," ಎಂದು ಜೋರಾಗಿಯೇ ಹೇಳಿದೆ.

ತನಗೇ ಹೇಳಿದ್ದೆಂದುಕೊಂಡು ಮಗಳು ಕೇಳಿದಳು, "ಏನಾಗ್ಬೇಕಿತ್ತಮ್ಮ?"