ಉತ್ತರದ ಇಪ್ಪತ್ತಮೂರು ಮೆಟ್ಟಿಲು

ಮೂಡುಬಿದಿರೆ ಪೇಟೆಯ ಹಿಂಬದಿಯಲ್ಲಿ ಒಂದು ಚೌಕದ ಕೆರೆ ಇದೆ. ಅರಸರ ಕಾಲದ ಮಂತ್ರಿ ಚಂದಯ್ಯ ಹೆಗ್ಗಡೆ ಕಟ್ಟಿಸಿದ್ದೆಂದು ಎಲ್ಲರೂ ಹೇಳುತ್ತಾರೆ. ಅರಸನ ಹೆಸರು ಮರೆತವರಿಗೂ ಮಂತ್ರಿಯ ಹೆಸರು ಗೊತ್ತು. ಹಳೇ ಸಂತೆಯ ಬಾವಿ ಅವನದು, ಹೊರೆ ಇಳಿಸಲು ದಾರಿಬದಿಯಲ್ಲಿ ನಿಲ್ಲಿಸಿದ ಕಲ್ಲುಗಳು ಅವನವು. ಊರಲ್ಲಿ ಹಳೆಯದಾಗಿ ಗಟ್ಟಿಯಾಗಿ ಏನು ಕಂಡರೂ ನಾವು ಅವನ ಹೆಸರನ್ನೇ ಹೇಳಿಬಿಡುತ್ತೇವೆ.

ಕಳೆದ ವರ್ಷ ನಮ್ಮ ಕಾಲೇಜಿನಿಂದ ಕೆರೆಯ ಬಗ್ಗೆ ವರದಿ ತಯಾರಿಸಿದಾಗ ನಾನೂ ಹಾಗೆಯೇ ಬರೆದೆ. ಪೂರ್ವದ ದಡದಲ್ಲಿ ಹದಿನೆಂಟು ಮೆಟ್ಟಿಲು, ಉತ್ತರದಲ್ಲಿ ಇಪ್ಪತ್ತಮೂರು. ಆಳ ಒಂದೇ, ಉತ್ತರದವು ಗಿಡ್ಡ. 'ಕೊಡ ಹೊರುವ ಹೆಂಗಸರ ಕಷ್ಟವನ್ನು ಅರಿತು ಮಂತ್ರಿ ಉತ್ತರದ ಮೆಟ್ಟಿಲುಗಳನ್ನು ತಗ್ಗಿಸಿದ್ದನು' ಎಂಬ ನನ್ನ ವಾಕ್ಯವನ್ನು ನಾನೇ ಎರಡು ಸಲ ಓದಿ ಸಂತೋಷಪಟ್ಟಿದ್ದೆ. ಪೂವಮ್ಮನ ಪರಿಚಯ ಆಗ ಇರಲಿಲ್ಲ.

ಆ ಮಳೆಗಾಲದಲ್ಲಿ ಪಶ್ಚಿಮದ ದಡ ಜರಿದುಬಿತ್ತು. ಏಪ್ರಿಲ್‌ನಲ್ಲಿ ನೀರು ಇಳಿದ ಮೇಲೆ ಇಂಜಿನಿಯರ್ ಹರಿಪ್ರಸಾದ್ ನಕ್ಷೆ ಹಿಡಿದು ಬಂದರು. ವರದಿ ಬರೆದವರೆಂದು ನಮ್ಮನ್ನೂ ಕರೆದಿದ್ದರು. ಪಶ್ಚಿಮಕ್ಕೆ ಕಾಂಕ್ರೀಟಿನ ಗೋಡೆ, ಬರುವ ವರ್ಷ ಉಳಿದ ಮೂರು ಬದಿಗೂ ಅದೇ ಎಂದು ಅವರು ವಿವರಿಸುತ್ತಿದ್ದಾಗ, ಮೇಲಿನ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತು ಕೇಳುತ್ತಿದ್ದರು. ಒಬ್ಬರು ಕೆರೆಯ ಪಕ್ಕದ ಮನೆಯ ಲೋಲಾಕ್ಷಿ. ಇನ್ನೊಬ್ಬರು ತೋಡಾರಿನಿಂದ ಬಸ್ಸು ಹತ್ತಿ ಬಂದಿದ್ದ ಪೂವಮ್ಮ. ಅರವತ್ತೈದು ವರ್ಷ, ಸಣ್ಣ ಮೈಕಟ್ಟು, ಮೈಗೆ ಹೋಲಿಸಿದರೆ ದೊಡ್ಡ ಅಂಗೈ.

"ಕಲ್ಲಿನಲ್ಲೇ ಕಟ್ಟಬಹುದಲ್ಲ ಸಾರ್?" ಎಂದರು ಪೂವಮ್ಮ. ಹರಿಪ್ರಸಾದರಿಗೆ ತುಳು ಚೆನ್ನಾಗಿ ಬರುತ್ತದೆ. ಆದರೂ ಕಚೇರಿಯ ಸಂಗತಿಯನ್ನು ಕನ್ನಡದಲ್ಲೇ ಮಾತಾಡಬೇಕೆಂದು ಪೂವಮ್ಮ ನಿಧಾನವಾಗಿ, ಪಾಠ ಒಪ್ಪಿಸುವವರ ಹಾಗೆ ಆಡುತ್ತಿದ್ದರು.

"ಯಾರು ಕಟ್ಟುವುದು? ಉತ್ತರದ ಬದಿ ನೋಡಿ. ಮುನ್ನೂರು ವರ್ಷದಿಂದ ಒಂದು ಕಲ್ಲು ಅಲುಗಲಿಲ್ಲ. ಆ ವಿದ್ಯೆ ಮಂತ್ರಿಯ ಕಾಲಕ್ಕೇ ಹೋಯಿತು."

"ಅದು ನಾನು ಕೂರಿಸಿದ್ದು. ಎಂಬತ್ತೇಳನೇ ಇಸವಿಯಲ್ಲಿ."

ಹರಿಪ್ರಸಾದ್ ನಗಲಿಲ್ಲ. ಅವರು ಒಳ್ಳೆಯವರು. "ರಿಪೇರಿ ಮಾಡಿರಬಹುದು ಅಮ್ಮ. ಆದರೆ ವಿನ್ಯಾಸ ಹಳೆಯದು. ಕೊಡ ಹೊರುವ ಹೆಂಗಸರಿಗಾಗಿ ಮಂತ್ರಿ ಮೆಟ್ಟಿಲು ತಗ್ಗಿಸಿದ್ದೆಂದು ಕಾಲೇಜಿನ ವರದಿಯಲ್ಲಿ ಉಂಟು."

"ವರದಿ ಬರೆದದ್ದು ಯಾರು?"

"ನಾನು," ಎಂದೆ.

"ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಹಾಗೆ ಅನ್ನಿಸಿತು."

"ಒಳ್ಳೆ ಮನಸ್ಸಿನ ಹುಡುಗಿ," ಎಂದರು ಲೋಲಾಕ್ಷಿ. "ಪಾಪ, ಮಂತ್ರಿ ದಿನಕ್ಕೆ ಎಷ್ಟು ಕೊಡ ಹೊರುತ್ತಿದ್ದನೋ."

ನನ್ನ ಕಿವಿ ಬಿಸಿಯಾಯಿತು. ಪೂವಮ್ಮ ಮಾತ್ರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು. ಹದಿನೇಳನೇ ವಯಸ್ಸಿಗೆ ಅವರು ಕೆಂಪುಕಲ್ಲು ಹೊರುವ ಕೆಲಸಕ್ಕೆ ಸೇರಿದ್ದರು. ಹೊರುತ್ತ ಹೊರುತ್ತ ನೋಡಿಯೇ ಕೆತ್ತುವುದನ್ನು ಕಲಿತರು. ಉತ್ತರದ ದಡ ಕುಸಿದಾಗ ಕೆಲಸ ವಹಿಸಿಕೊಂಡ ಮೇಸ್ತ್ರಿ ತಳಪಾಯ ಮುಗಿಸಿ ಕಾಮಾಲೆಯಿಂದ ಮಲಗಿದ. ಮಳೆಗೆ ಇನ್ನು ಒಂದೂವರೆ ತಿಂಗಳಿತ್ತು. ಪೂವಮ್ಮ ಕಲ್ಲು ಕೆತ್ತುವ ಕೊಡಲಿ ಎತ್ತಿಕೊಂಡು ಮೆಟ್ಟಿಲು ಕೂರಿಸಲು ನಿಂತರು. ಕಾಗದದಲ್ಲಿ ಮೇಸ್ತ್ರಿಯ ಹೆಸರೇ ಉಳಿಯಿತು.

"ಮತ್ತೆ ಗಿಡ್ಡ ಯಾಕೆ ಮಾಡಿದಿರಿ?"

"ಇವಳನ್ನೇ ಕೇಳು."

ಲೋಲಾಕ್ಷಿ ಸೀರೆಯನ್ನು ಪಾದದಿಂದ ಒಂದಿಷ್ಟು ಎತ್ತಿ ತೋರಿಸಿದರು. "ನನ್ನ ಕಾಲಿನ ಅಳತೆ ಮಾರಾಯ್ತಿ. ಆಗ ನನಗೆ ಏಳು ತಿಂಗಳು. ಪೂರ್ವದ ಮೆಟ್ಟಿಲಲ್ಲಿ ಎರಡು ಸಲ ಕೊಡ ಚೆಲ್ಲಿದ್ದೆ. ಇವಳು ನನ್ನನ್ನು ನಿಲ್ಲಿಸಿ, ಕೊಡ ಹೊತ್ತು ಕಾಲೆತ್ತು ಅಂದಳು. ಎಷ್ಟು ಎತ್ತಿದೆನೋ ಅಷ್ಟಕ್ಕೆ ಕೋಲು ಮುರಿದಳು. ಆವಾಗ ಹೊಟ್ಟೆಯಲ್ಲಿ ಇದ್ದವಳು ಈಗ ನೆರಿಯ ಊರಿನ ಶಾಲೆಯಲ್ಲಿ ಟೀಚರ್."

ಹರಿಪ್ರಸಾದ್ ಕೇಳಿಸಿಕೊಳ್ಳುತ್ತಿದ್ದರು. "ಅಳತೆ ಸರಿ," ಎಂದರು. "ಆದರೆ ಪಶ್ಚಿಮ ಯಾಕೆ ಬಿತ್ತು ಹೇಳಿ. ಅದೂ ಕಲ್ಲೇ ಅಲ್ಲವಾ?"

ಅವರು ಸೋಲಿಸಲು ಕೇಳಿದ ಹಾಗೆ ಕಾಣಲಿಲ್ಲ. ಪೂವಮ್ಮ ಎದ್ದು ಪಶ್ಚಿಮಕ್ಕೆ ನಡೆದರು. ಬಿದ್ದಿದ್ದ ಕಲ್ಲೊಂದನ್ನು ಕಾಲಿನಿಂದ ಮಗುಚಿದರು. ಅಂಚಿಗೆ ಅಂಟಿದ ಬೂದು ಬಣ್ಣದ ಸಿಮೆಂಟು ಕಂಡಿತು.

"ಹತ್ತು ವರ್ಷದ ಹಿಂದೆ ಚಂದ ಕಾಣಲಿ ಅಂತ ಸಂದಿಗೆಲ್ಲ ಇದನ್ನು ಮೆತ್ತಿದರು. ಮಳೆಯಲ್ಲಿ ಗುಡ್ಡದ ನೀರು ಹಿಂದಿನಿಂದ ಬರ್ತದೆ. ಅದಕ್ಕೆ ಹೊರಗೆ ಬರಲು ದಾರಿ ಬೇಕಲ್ಲ? ದಾರಿ ಸಿಗದೆ ದೂಡಿತು. ಉತ್ತರದಲ್ಲಿ ಬೆರಳು ಹಾಕಿ ನೋಡಿ."

ಇಂಜಿನಿಯರರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ ಸಂದಿಯಲ್ಲಿ ಬೆರಳಿಟ್ಟರು. ಏಪ್ರಿಲ್‌ನ ಬಿಸಿಲಲ್ಲೂ ಬೆರಳು ಒದ್ದೆಯಾಗಿ ಬಂತು. ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಎಸ್ಟಿಮೇಟ್ ಕಾಂಕ್ರೀಟಿಗೆ ಆಗಿದೆ," ಎಂದರು. "ಬಾಯಿಮಾತಿಗೆ ನಾನು ಬದಲಿಸುವ ಹಾಗಿಲ್ಲ. ಪಶ್ಚಿಮದಲ್ಲಿ ಐದು ಮೆಟ್ಟಿಲು ಕಟ್ಟಿ ತೋರಿಸಿ. ಹತ್ತು ದಿನ. ನಿಂತರೆ ನಾನು ಮೇಲಿನವರಿಗೆ ಬರೆಯುತ್ತೇನೆ. ನಿಲ್ಲದಿದ್ದರೆ ಬೇಜಾರು ಮಾಡಬೇಡಿ."

"ನಿಲ್ಲದಿದ್ದರೆ ಉತ್ತರವನ್ನೂ ಮುಚ್ಚಿಬಿಡಿ," ಎಂದರು ಪೂವಮ್ಮ.

ಆ ಹತ್ತು ದಿನ ನಾನು ಕಾಲೇಜು ಬಿಟ್ಟ ಕೂಡಲೇ ಕೆರೆಗೆ ಹೋಗುತ್ತಿದ್ದೆ. ಪೂವಮ್ಮ ಎರಡು ಜನ ಹೆಂಗಸರನ್ನು ಜೊತೆಗೆ ಕರೆದುಕೊಂಡಿದ್ದರು. ಕಲ್ಲನ್ನು ಮೊದಲು ತಟ್ಟಿ ಕೇಳುತ್ತಿದ್ದರು. ಸದ್ದು ಸರಿಯಿಲ್ಲದ್ದು ಪಕ್ಕಕ್ಕೆ. ಒಂದು ಕಲ್ಲು ಕೂರದಿದ್ದರೆ ಬೈಯುತ್ತಿರಲಿಲ್ಲ, ತೆಗೆದು ಒಂದು ಎಳೆ ಕೆತ್ತಿ ಮತ್ತೆ ಇಡುತ್ತಿದ್ದರು. ಏಳನೇ ದಿನ ಸೊಂಟ ಹಿಡಿಯಿತು. ಲೋಲಾಕ್ಷಿ ಬಿಸಿ ಎಣ್ಣೆ ಹಚ್ಚುತ್ತಾ, "ಮಂತ್ರಿಗೆ ಆನೆ ಕುದುರೆ ಇತ್ತು, ನಿನಗೆ ನಾನು," ಎಂದು ಗೊಣಗಿದರು.

ಹತ್ತನೇ ದಿನ ಹರಿಪ್ರಸಾದ್ ನೀರಿನ ಟ್ಯಾಂಕರ್ ತರಿಸಿದರು. ಮೆಟ್ಟಿಲ ಹಿಂದಿನ ಮಣ್ಣಿಗೆ ಇಡೀ ಟ್ಯಾಂಕರನ್ನು ಒಮ್ಮೆಲೇ ಬಿಡುವುದು, ಮಳೆಗಾಲದ ಹಾಗೆ. ದಡದ ತುಂಬ ಜನ. ಪೂವಮ್ಮ ಮಾತ್ರ ಮೆಟ್ಟಿಲ ಬುಡದಲ್ಲಿ, ಬಿದ್ದರೆ ತನ್ನ ಮೇಲೆಯೇ ಬೀಳುವ ಜಾಗದಲ್ಲಿ ನಿಂತರು. ಹರಿಪ್ರಸಾದ್ ಎಷ್ಟು ಕರೆದರೂ ಮೇಲೆ ಬರಲಿಲ್ಲ.

ನೀರು ಬಿಟ್ಟರು. ಮಣ್ಣು ಅದನ್ನು ಗಟಗಟ ಕುಡಿಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಆ ಹೊತ್ತು ನನಗೆ ಬಹಳ ಉದ್ದವಾಗಿತ್ತು. ಆಮೇಲೆ ಮೂರನೇ ಮೆಟ್ಟಿಲ ಸಂದಿಯಿಂದ ಒಂದು ಎಳೆ ನೀರು ಇಳಿಯಿತು. ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದ ಹಾಗೆ ಐದೂ ಮೆಟ್ಟಿಲಿನ ಸಂದಿ ಸಂದಿಗಳಿಂದ ಸಣ್ಣ ಸಣ್ಣ ನೀರಿನ ದಾರಗಳು ಹೊಳೆಯುತ್ತಾ ಕೆರೆಗೆ ಸೇರಿದವು. ಒಂದು ಕಲ್ಲೂ ಮಿಸುಕಲಿಲ್ಲ. ಮೊದಲು ನಕ್ಕದ್ದು ಲೋಲಾಕ್ಷಿ. ಆಮೇಲೆ ಇಡೀ ದಡ.

ಮೇ ಮೊದಲ ವಾರದಲ್ಲಿ ಮಂಜೂರಾತಿ ಬಂತು. ಈ ಸಲ ಕಾಗದದಲ್ಲಿ 'ಮೇಸ್ತ್ರಿ: ಪೂವಮ್ಮ' ಎಂದಿತ್ತು. ನಾನು ವರದಿಯ ಆ ಪುಟವನ್ನು ಹೊಸದಾಗಿ ಬರೆದು, ಅವರಿಗೆ ಓದಿ ಹೇಳೋಣವೆಂದು ಹೋದೆ. ಹರಿಪ್ರಸಾದ್ ಕೂಡ ಕಚೇರಿಗೆ ಕಳಿಸಲು ಫೋಟೋ ಬೇಕೆಂದು ಬಂದಿದ್ದರು. ಪೂವಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತು, ತಳದ ಕಲ್ಲೊಂದಕ್ಕೆ ಎರಡೂ ಅಂಗೈ ಒತ್ತಿ ಹಿಡಿದಿದ್ದರು.

"ಒಂದು ನಿಮಿಷ ಮೇಲೆ ಬನ್ನಿ ಮೇಸ್ತ್ರಿ," ಎಂದರು ಇಂಜಿನಿಯರರು.

"ಇದು ಕೂರಲಿ ಸಾರ್. ನೀವು ಅಲ್ಲಿ ನೆರಳಲ್ಲಿ ಕೂತುಕೊಳ್ಳಿ. ಮಗಾ, ನೀನು ಓದು. ಕೇಳ್ತದೆ."

ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟು, ಓದಲು ಶುರುಮಾಡಿದೆ.