ಕಿಲ್ಲೇದಾರರ ಕೋಟೆಯೂ ಎದ್ದು ಬಂದ ಹೆಣಗಳೂ

ಕಿಟಕಿ, ಗೇಟು, ಗ್ರಿಲ್ಲು ಬೆಸೆಯುವ ಆ ವೆಲ್ಡರನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಕಿಲ್ಲೇದಾರರೆಂದು. ಆಳಲು ಕೋಟೆಯಿರಲಿಲ್ಲ, ದಂಡಿರಲಿಲ್ಲ. ಇದ್ದದ್ದು ಮನೆಯ ಹಿಂದಿನ ಓಣಿಯಲ್ಲೊಂದು ಅಂಗಡಿ, ಒಂದು ವೆಲ್ಡಿಂಗ್ ಮಷೀನು, ಒಂದು ಕಟಿಂಗ್ ಮಷೀನು, ಮತ್ತು ಕೈಕೆಳಗೆ ಹೆಂಡತಿಯ ತಮ್ಮ. ಆದರೂ ಅವರ ಕೈ ತಾಗದ ಕಿಟಕಿ ಆ ಬೀದಿಯಲ್ಲಿ ಇರಲಿಲ್ಲ. ನಟ್ಟು ಬೋಲ್ಟು ಕಂಡರೆ ಅವರಿಗಾಗದು. "ನಟ್ಟು ಹಾಕೋದು ಅಂದ್ರೆ ಕಳ್ಳನಿಗೆ ನಾವೇ ಬೀಗದ ಕೈ ಕೊಟ್ಟ ಹಾಗೆ," ಎಂದು ಎಲ್ಲವನ್ನೂ ಬೆಸೆದೇ ಬಿಡುತ್ತಿದ್ದರು.

ಸಂಜೆ ಮಗಳ ಜೊತೆ ಕೂತು ಜಾಂಬಿ ಸಿನಿಮಾ ನೋಡುವುದು ಅವರ ಏಕೈಕ ಚಟ. ಹೆಣಗಳು ಎದ್ದು ಬಂದು ಬದುಕಿರುವವರನ್ನು ಕಚ್ಚುತ್ತವೆ, ಕಚ್ಚಿಸಿಕೊಂಡವರೂ ಹೆಣವಾಗಿ ಎದ್ದು ಇನ್ನೊಬ್ಬರನ್ನು ಕಚ್ಚುತ್ತಾರೆ. ಮಗಳು ಕೂರುತ್ತಿದ್ದದ್ದು ಹೆದರಲು, ಅಪ್ಪ ಕೂರುತ್ತಿದ್ದದ್ದು ತಪ್ಪು ಹುಡುಕಲು.

"ನೋಡು, ಬಾಗಿಲಿಗೆ ಸೋಫಾ ಒತ್ತಿದಾನೆ. ಚಕ್ರ ಇರೋ ಸೋಫಾ. ಇವನು ಸಾಯ್ಲೇಬೇಕು."

"ಅಪ್ಪ, ಸ್ವಲ್ಪ ಸುಮ್ನಿರಿ."

"ಕಿಟಕಿಗೆ ಹಲಗೆಯಂತೆ, ಅದಕ್ಕೆ ಒಳಗಿಂದ ಮೊಳೆಯಂತೆ. ಹೊರಗಿಂದ ತಳ್ಳಿದ್ರೆ ಕಿತ್ತು ಬರಲ್ವಾ? ಊರು ತುಂಬ ಹೆಣ ಓಡಾಡ್ತಿದೆ, ಒಬ್ಬ ವೆಲ್ಡರ್‌ನ ಕರೆಸೋಣ ಅನ್ನೋ ಬುದ್ಧಿ ಒಬ್ಬನಿಗೂ ಬೇಡ್ವಾ?"

"ಹೊರಗಿನ ಹೆಣದಿಂದ ಯಾರೂ ಸಾಯಲ್ಲಪ್ಪ," ಎಂದಳು ಮಗಳು. "ಕಚ್ಚಿಸಿಕೊಂಡೋನು ಒಬ್ಬ ಒಳಗೇ ಕೂತಿರ್ತಾನೆ."

"ಹಾಗಿದ್ರೆ ಅವರಿಗೆ ಕಣ್ಣಿಲ್ಲ," ಎಂದು ಅಪ್ಪ ತೀರ್ಪು ಕೊಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಭಾವಮೈದನ ಕಡೆ ಬೆರಳು ಮಾಡಿ, "ಹೆಣ ಬಂದ್ರೆ ಮೊದಲ ತುತ್ತು ಇವನೇ," ಎಂದರು. ಅವನು ಕೈಗೆತ್ತಿಕೊಂಡದ್ದನ್ನೆಲ್ಲ ಕಾಲ ಮೇಲೆ ಬೀಳಿಸಿಕೊಳ್ಳುವ ಜಾತಿಯವನು. ಮೊದಲ ತುತ್ತು ಎಂಬ ಬಿರುದು ಅವನಿಗೆ ಅಂಟಿಕೊಂಡಿತು.

ಸಿನಿಮಾದವರಿಗೆ ಬುದ್ಧಿ ಹೇಳಿ ಸಾಕಾಗಿ, ಕಿಲ್ಲೇದಾರರು ಸ್ವಂತ ಮನೆಯನ್ನೇ ಮಾದರಿ ಕೋಟೆ ಮಾಡಲು ಹೊರಟರು. ಕಿಟಕಿಗಳಿಗೆ ಹೆಬ್ಬೆರಳು ಗಾತ್ರದ ಕಂಬಿ ಬಂತು. ಹಿಂದಿನ ಬಾಗಿಲಿಗೆ ಕಬ್ಬಿಣದ ತಗಡು ಹೊದಿಸಿ ಚೌಕಟ್ಟಿಗೇ ಬೆಸೆದರು.

"ಕಸ ಎಲ್ಲಿಂದ ಹಾಕ್ಲಿ?" ಹೆಂಡತಿ ಕೇಳಿದರು.

"ಮುಂದಿನ ಬಾಗಿಲಿಂದ."

"ನಮ್ಮನೇಲಿ ಕದಿಯೋಕೇನಿದೆ ಅಂತ ಇಷ್ಟೆಲ್ಲ?"

"ಬರೋರೆಲ್ಲ ಕದಿಯೋಕೇ ಬರ್ತಾರೆ ಅಂತ ಏನು?"

"ಹೆಣಕ್ಕೂ ನಾಲಿಗೆ ರುಚಿ ಅಂತ ಇರುತ್ತೆ ರೀ. ನಿಮ್ಮನ್ನ ತಿನ್ನೋಕೆ ಅಷ್ಟು ದೂರದಿಂದ ಎದ್ದು ಬರಲ್ಲ."

ಕಿಲ್ಲೇದಾರರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಬ್ಯಾಟರಿ ಸ್ಕೂಟರನ್ನೂ ಹೊರಗೆ ಬಿಡದೆ, ದಿನಾ ಒಳಗೆ ತಂದು ಮುಂಬಾಗಿಲ ಪಕ್ಕ ನಿಲ್ಲಿಸಿ ಚಾರ್ಜಿಗೆ ಹಾಕುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಆ ಸ್ಕೂಟರಿನ ಸೀಟಿನಡಿಯಿಂದ ಬುಸ್ ಎಂದು ಬಿಳಿ ಹೊಗೆ ಎದ್ದಿತು. ಅವರು ವೈರು ಕಿತ್ತೆಸೆಯುವಷ್ಟರಲ್ಲಿ ಬೆಂಕಿ ಮುಂಬಾಗಿಲನ್ನು ಹಿಡಿದಿತ್ತು. ಮಗಳನ್ನೂ ಹೆಂಡತಿಯನ್ನೂ ಅಡುಗೆಮನೆಗೆ ತಳ್ಳಿ, ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿದರು. ಹಿಂದಿನ ಬಾಗಿಲಿಗೆ ಭುಜ ಕೊಟ್ಟರು. ಅದು ಮಿಸುಕಲಿಲ್ಲ. ಕಿಟಕಿಯ ಕಂಬಿ ಹಿಡಿದು ಜಗ್ಗಿದರು. ಅಷ್ಟು ಚೊಕ್ಕವಾದ ಕೆಲಸವನ್ನು ಅವರು ಜೀವಮಾನದಲ್ಲೇ ಮಾಡಿರಲಿಲ್ಲ. ಎರಡು ಕೈಯಲ್ಲೂ ಕಂಬಿ ಹಿಡಿದು ಬಾಯಿ ತೆರೆದು ನಿಂತುಬಿಟ್ಟರು. ಸಿನಿಮಾದ ಹೆಣಗಳು ಕಿಟಕಿಯಾಚೆ ನಿಲ್ಲುವುದು ಥೇಟ್ ಹಾಗೆಯೇ. ಇವರು ಮಾತ್ರ ಒಳಗಿದ್ದರು.

ಹೆಂಡತಿಯ ಕೂಗು ಕೇಳಿ ಓಣಿಯಿಂದ ಓಡಿ ಬಂದವನು ಮೊದಲ ತುತ್ತು. ಕಟಿಂಗ್ ಮಷೀನು ತಂದ, ಮನೆಯ ಜೊತೆ ಅಂಗಡಿಯ ಕರೆಂಟೂ ಹೋಗಿದ್ದರಿಂದ ಎದುರುಮನೆ ದರ್ಜಿಯಮ್ಮನ ಮನೆಯಿಂದ ವೈರು ಎಳೆದ. ಕಿಡಿ ಹಾರತೊಡಗಿತು. ಬಾಗಿಲ ಸಂದಿಯಿಂದ ಹೊಗೆ ನುಸುಳುತ್ತಿತ್ತು. ಮಗಳು ನೆಲದ ಮೇಲೆ ಕೂತು ಕೆಮ್ಮುತ್ತಿದ್ದಳು.

"ಇಷ್ಟು ದಪ್ಪ ಕಂಬಿ ಯಾಕೆ ಹಾಕಿದ್ರಿ ಭಾವ?"

"ಹೆಣ ಒಳಗೆ ಬರದಿರಲಿ ಅಂತ."

"ಈಗ ಹೆಣ ಹೊರಗೆ ಹೋಗೋ ಹಾಗಾಗಿದೆಯಲ್ಲ ಭಾವ."

ಮೂರು ಕಂಬಿ ತುಂಡಾದವು. ಮಗಳು ಮೊದಲು ಹೊರಬಿದ್ದಳು, ಆಮೇಲೆ ಹೆಂಡತಿ. ಕಿಲ್ಲೇದಾರರ ಹೊಟ್ಟೆಗಾಗಿ ಇನ್ನೊಂದು ಕಂಬಿ ಕತ್ತರಿಸಬೇಕಾಯಿತು.

ಊರವರು ನೀರು ಹೊಯ್ದು ಬೆಂಕಿ ಆರಿಸಿದರು. ಕಿಲ್ಲೇದಾರರು ಬೀದಿಯ ನಡುವೆ ಬರಿಗಾಲಲ್ಲಿ ನಿಂತಿದ್ದರು. ಮಗಳು ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡಳು. "ಕಚ್ಚೋದು ಒಳಗೇ ಇತ್ತಪ್ಪ," ಎಂದಳು. ಅವರು ತಲೆಯೆತ್ತಿ ಬೀದಿಯುದ್ದಕ್ಕೂ ನೋಡುತ್ತಿದ್ದರು. ಈ ಮನೆಯ ಕಿಟಕಿ, ಆ ಮನೆಯ ಕಿಟಕಿ, ಎಲ್ಲವೂ ಅವರ ಕೈಯ ಬೆಸುಗೆ. ದರ್ಜಿಯಮ್ಮನ ಕಿಟಕಿಯ ಕಂಬಿ ಹಿಡಿದು ಮೊಮ್ಮಗು ಇವರನ್ನೇ ಕಣ್ಣರಳಿಸಿ ನೋಡುತ್ತಿತ್ತು.

ಅವರು ಭಾವಮೈದನ ಕೈಯಿಂದ ಮಷೀನು ಇಸಿದುಕೊಂಡು ಆ ಮನೆಯ ಮೆಟ್ಟಿಲು ಹತ್ತಿದರು.

"ಅಮ್ಮ, ನಿಮ್ಮ ಕಿಟಕಿ ಕತ್ತರಿಸಿ ಕೀಲು ಹಾಕಬೇಕು. ಒಳಗಿಂದ ತೆಗೆಯೋ ಹಾಗೆ."

"ಮೊದಲು ಒಂದು ಲೋಟ ನೀರು ಕುಡೀರಿ. ನಾಳೆ ಮಾಡಿದ್ರಾಯ್ತು."

"ಈಗಲೇ."

"ಅಲ್ಲಪ್ಪ, ನೂರು ವರ್ಷ ಅಲುಗಾಡಲ್ಲ ಅಂತ ನೀವೇ ತಾನೇ ಹೇಳಿದ್ದು?"

"ಅದಕ್ಕೇ ಅಮ್ಮ ಭಯ ಆಗ್ತಿರೋದು," ಎಂದು ಕಿಲ್ಲೇದಾರರು ಮಷೀನಿನ ಗುಂಡಿ ಒತ್ತಿದರು.