ಡಾಕ್ಟರಮ್ಮ ಓದಿ ಹೇಳಿದ ಲೇಖನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮೈಸೂರಿನಿಂದ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಬಿಡದೆ ಕಾಡುವ ಜ್ವರಗಳು ಮತ್ತು ರಕ್ತದ ಕ್ಯಾನ್ಸರು ಅವರ ಸಂಶೋಧನೆಯ ವಿಷಯ. ಪರದೇಶದ ಪತ್ರಿಕೆಗಳಲ್ಲೂ ಅವರ ಲೇಖನಗಳು ಬರುತ್ತಿದ್ದವು. ಯಾರಾದರೂ ಹೊಗಳಿದರೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಬರಿಯೋದೇನು ಬಿಡ್ರೀ, ಉಳಿಸೋಕಾಗ್ಬೇಕಲ್ಲ," ಎನ್ನುತ್ತಿದ್ದರು.

ಹತ್ತಿರದ ಗುರುಪುರದ ಹುಡುಗಿಯೊಬ್ಬಳಿಗೆ ಟೈಫಾಯ್ಡ್ ಎಂದು ಎಲ್ಲೆಲ್ಲೋ ಔಷಧಿ ಕೊಡಿಸಿ, ಕೊನೆಗೆ ನಮ್ಮಲ್ಲಿಗೆ ತಂದಿದ್ದರು. ಡಾಕ್ಟರಮ್ಮ ರಕ್ತ ಪರೀಕ್ಷಿಸಿ ಕ್ಯಾನ್ಸರ್ ಎಂದು ಕಂಡುಹಿಡಿಯುವ ಹೊತ್ತಿಗೆ ತಡವಾಗಿತ್ತು. ಹುಡುಗಿ ಉಳಿಯಲಿಲ್ಲ. ಅವಳ ತಾಯಿಯ ಒಪ್ಪಿಗೆ ಪಡೆದು ಆ ಕಾಯಿಲೆಯ ಬಗ್ಗೆ ಬರೆದ ಲೇಖನ ಅಚ್ಚಾದಾಗ, ಡಾಕ್ಟರಮ್ಮ ಪತ್ರಿಕೆ ಹಿಡಿದು, ನನ್ನನ್ನೂ ಕರೆದುಕೊಂಡು ಆ ಊರಿಗೆ ಹೋದರು.

ತಾಯಿ ಜಗಲಿಯ ಮೇಲೆ ಹೊಗೆಸೊಪ್ಪು ಕಟ್ಟುತ್ತಾ ಕೂತಿದ್ದಳು. ಕೈ ಒರೆಸಿಕೊಂಡು, ಡಾಕ್ಟರಮ್ಮ ತೆರೆದು ತೋರಿಸಿದ ಪುಟವನ್ನು ಸವರಿದಳು.

"ನನ್ ಮಗಳೆಸ್ರು ಎಲ್ಲೈತವ್ವ?"

"ಹೆಸರು ಹಾಕೋ ಹಾಗಿಲ್ಲಮ್ಮ," ಎಂದರು ಡಾಕ್ಟರಮ್ಮ.

"ಮತ್ಯಾಕವ್ವ ಬರದ್ರಿ?"

"ಇಂಥ ಜ್ವರ ಬಂದ ಇನ್ನೊಂದು ಮಗೂನ ಬೇರೆ ಡಾಕ್ಟ್ರುಗಳು ಬೇಗ ಗುರುತಿಸ್ಲಿ ಅಂತ."

ಆಕೆ ಹೊಗೆಸೊಪ್ಪನ್ನು ಪಕ್ಕಕ್ಕೆ ಸರಿಸಿ, "ಓದವ್ವ, ಕೇಳ್ತೀನಿ," ಎಂದಳು.

ಡಾಕ್ಟರಮ್ಮ ಆಕೆಯ ಪಕ್ಕದಲ್ಲೇ ಕೂತು ಇಂಗ್ಲಿಷಿನ ಸಾಲುಗಳನ್ನು ನಿಧಾನವಾಗಿ ಕನ್ನಡದಲ್ಲಿ ಹೇಳತೊಡಗಿದರು. ಜ್ವರ ಶುರುವಾದದ್ದು, ಸುಸ್ತು, ಒಸಡಿನಿಂದ ರಕ್ತ ಬಂದದ್ದು. "ಊಂ, ಅಂಗೇಯ ಆಗಿದ್ದು," ಎನ್ನುತ್ತಿದ್ದಳು ತಾಯಿ. ಕೊನೆಯ ಸಾಲಿಗೆ ಬಂದಾಗ ಡಾಕ್ಟರಮ್ಮನ ದನಿ ನಿಂತುಹೋಯಿತು.

ತಾಯಿ ಅವರ ಮೊಣಕಾಲ ಮೇಲೆ ಕೈಯಿಟ್ಟಳು.

"ಅದ ಬುಡವ್ವ. ಅದು ನಂಗೊತ್ತು."